ಗಣಕ ಭದ್ರತೆ ಮತ್ತು ಬಳಕೆದಾರರ ಸ್ವಾತಂತ್ರ್ಯ

ಕಂಪ್ಯೂಟರು, ಮೊಬೈಲು ಮತ್ತು ಅವನ್ನು ಬೆಸೆಯುವ ಜಾಲದೊಳಗಿನ ಮಾಹಿತಿಯನ್ನು ಕಳ್ಳರಿಂದ, ತಿದ್ದುವವರಿಂದ, ಕೆಡಿಸುವವರಿಂದ ಕಾಯುವ ತಂತ್ರಗಳಿಗೆಲ್ಲ ಸೇರಿ ಗಣಕ ಭದ್ರತೆ ಎಂದು ಹೆಸರು. ತನ್ನ ದುಡ್ಡಿನಲ್ಲಿ ಕೊಂಡ ಯಂತ್ರವನ್ನು ತನಗೆ ಬೇಕಾದಂತೆ ಬಳಸುವುದು, ಬಿಚ್ಚಿ ನೋಡುವುದು, ಕೆಟ್ಟರೆ ರಿಪೇರಿ ಮಾಡಿಸುವುದು, ತನ್ನ ವಿಷಯ ಯಾರಿಗೆ ತಿಳಿಯಬೇಕು ಎಂಬುದನ್ನು ತಾನೇ ತೀರ್ಮಾನಿಸುವುದು ಬಳಕೆದಾರರ ಸ್ವಾತಂತ್ರ್ಯ. ಎರಡೂ ಒಂದೇ ಯಂತ್ರದೊಳಗೆ ಸಂಸಾರ ಮಾಡಬೇಕು. ಮಾಡುತ್ತವೆ, ಆದರೆ ಜಗಳ ತಪ್ಪುವುದಿಲ್ಲ.

ಮೈಸೂರು ಸೀಮೆಯ ಬೀಗ, ಬೀಗದ ಕೈಗೆ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳದ ಕಡೆ ಕೀಲಿ, ಕೀಲಿಕೈ ಅನ್ನುತ್ತಾರೆ. ಈ ಇಡೀ ವಿಷಯವನ್ನು ಆ ಎರಡು ಶಬ್ದಗಳಲ್ಲೇ ಹಿಡಿಯಬಹುದು. ಕೀಲಿ ಯಾರನ್ನು ಹೊರಗಿಡಲು ಹಾಕಿದ್ದು, ಕೀಲಿಕೈ ಯಾರ ಸೊಂಟದಲ್ಲಿದೆ? ಭದ್ರತೆ ಬೇಕೋ ಸ್ವಾತಂತ್ರ್ಯ ಬೇಕೋ ಎಂದು ಕೇಳುವವರು ಸಾಮಾನ್ಯವಾಗಿ ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡಲು ಇಷ್ಟವಿಲ್ಲದವರು.

ಕೀಲಿ ಎನ್ನುವ ಆ ಸೀಮೆಯಿಂದಲೇ ಈ ಪ್ರಶ್ನೆಯನ್ನು ನೋಡೋಣ. ಗಲಗಲಿ ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿರುವ ಊರು. ಹರಿದಾಸ ಪರಂಪರೆಯ ಗಲಗಲಿ ಅವ್ವನಿಂದ ಸಂಸ್ಕೃತ ವಿದ್ವಾಂಸ ಪಂಢರಿನಾಥಾಚಾರ್ಯ ಗಲಗಲಿಯವರ ತನಕ ಅಕ್ಷರದವರ ಊರೆಂದು ಅದಕ್ಕೆ ಖ್ಯಾತಿ. ಸುತ್ತಲಿನ ಜಮಖಂಡಿ, ಮುಧೋಳ, ಬೀಳಗಿಯಲ್ಲಿ ಕಬ್ಬು; ರಬಕವಿ-ಬನಹಟ್ಟಿಯಲ್ಲಿ ಮಗ್ಗ. ಗಣಕ ಭದ್ರತೆಯೆಂದರೆ ಬೆಂಗಳೂರು ನೆನಪಾಗುತ್ತದೆಯೇ ಹೊರತು ಈ ಸೀಮೆ ಯಾರಿಗೂ ನೆನಪಾಗುವುದಿಲ್ಲ. ಆದರೆ ಇಲ್ಲಿಯ ರೈತನ ಉತಾರ (ಪಹಣಿ), ನೇಕಾರ ಹೆಣ್ಣುಮಗಳ ರೇಷನ್ನು, ಮುದುಕಿಯ ಪಗಾರ, ಎಲ್ಲವೂ ಈಗ ಎಲ್ಲೋ ಇರುವ ಸರ್ವರಿನ ಕೀಲಿಯ ಹಿಂದೆ ಕೂತಿವೆ. ಪ್ರಶ್ನೆಯ ಬಿಸಿ ತಟ್ಟುವುದು ಇಂಥಲ್ಲಿಯೇ.

ಮೋಡಿಯಿಂದ ಭೂಮಿಗೆ

ದಾಖಲೆಗೆ ಕೀಲಿ ಜಡಿಯುವ ಪದ್ಧತಿ ಕಂಪ್ಯೂಟರಿಗಿಂತ ಬಹಳ ಹಳೆಯದು. 1948ರ ತನಕ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಅಲ್ಲಿಯ ದಫ್ತರ ಮರಾಠಿಯದು, ಮೋಡಿ ಲಿಪಿಯದು. ಲೇಖನಿ ಎತ್ತದೆ ಸರಸರನೆ ಓಡಿಸಿ ಬರೆಯುವ ಲಿಪಿ ಅದು. ಬರೆಯುವವನಿಗೆ ಅನುಕೂಲ, ಹೊಲದ ಒಡೆಯನಿಗೆ ಬರೀ ಗೀಚು. ತನ್ನ ಹೊಲ ಎಷ್ಟು ಎಕರೆ, ಎಷ್ಟು ಗುಂಟೆ, ಅದರ ಮೇಲೆ ಯಾರ ಬೋಜಾ (ಸಾಲದ ಹೊರೆ) ಕೂತಿದೆ ಎಂದು ತಿಳಿಯಲು ಅವನು ಊರ ಲೆಕ್ಕ ಬರೆಯುವ ಕುಲಕರ್ಣಿಯ ಕಟ್ಟೆಗೇ ಹೋಗಬೇಕಿತ್ತು. ದಾಖಲೆ ಸುರಕ್ಷಿತವಾಗಿತ್ತು, ರೈತನಿಂದಲೂ ಸುರಕ್ಷಿತವಾಗಿತ್ತು! ಮುಂಬಯಿ ಸರ್ಕಾರದ 1950ರ ಕಾಯ್ದೆ ಕುಲಕರ್ಣಿ ವತನವನ್ನು ರದ್ದು ಮಾಡಿತು. ಕೀಲಿಕೈ ಸಂಬಳದ ತಲಾಟಿಯ (ಗ್ರಾಮ ಲೆಕ್ಕಿಗನ) ಕೈಗೆ ಬಂತು. ಲಿಪಿ ಬದಲಾಯಿತು, ಕಟ್ಟೆ ಬದಲಾಯಿತು, ಉತಾರಕ್ಕೆ ಕೈ ಬೆಚ್ಚಗೆ ಮಾಡುವುದು ಮಾತ್ರ ಉಳಿಯಿತು.

ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಮದ್ದೂರು ತಾಲೂಕಿನಲ್ಲಿ ಮೊದಲ ಪ್ರಯೋಗ ನಡೆದು, 2002ರ ಹೊತ್ತಿಗೆ ರಾಜ್ಯದ 177 ತಾಲೂಕುಗಳಿಗೆ ಹಬ್ಬಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳು. ತಂತ್ರಾಂಶ ಬರೆದದ್ದು ಕೇಂದ್ರ ಸರ್ಕಾರದ ಮಾಹಿತಿ ಸಂಸ್ಥೆ ಎನ್‌ಐಸಿ. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು, ಸುಮಾರು 9,000 ಗ್ರಾಮ ಲೆಕ್ಕಿಗರ ಬಸ್ತಾಗಳಿಂದ ತಾಲೂಕು ಕಚೇರಿಯ ಕಂಪ್ಯೂಟರಿಗೆ ಹೋದವು. ಆಗ 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಮುದ್ರಿತ ಪಹಣಿ ಸಿಗುತ್ತಿತ್ತು. ಕೈಬರಹದ ಉತಾರದ ಮಾನ್ಯತೆ ಹೋಯಿತು.

ಭೂಮಿಯಲ್ಲಿ ಅಳವಡಿಸಿದ ಭದ್ರತೆಯ ಎರಡು ಉಪಾಯಗಳನ್ನು ಗಮನಿಸಬೇಕು. ಒಂದು, ಯಂತ್ರದ ಮುಂದೆ ಕೂರುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಯಾರ ಹೆಸರು ತೆಗೆದು ಯಾರ ಹೆಸರು ಸೇರಿಸಿದ ಎಂಬುದು ಅವನ ಬೆರಳಿಗೇ ಅಂಟಿಕೊಳ್ಳುತ್ತದೆ. ಆಮೇಲೆ ನಾನಲ್ಲ ಅನ್ನಲು ಬಾರದು. ಎರಡು, ವಾರಸಾ (ಉತ್ತರಾಧಿಕಾರ) ಇರಲಿ, ವಾಟ್ನಿ (ಪಾಲು) ಇರಲಿ, ಅರ್ಜಿಗಳು ಬಂದ ಪಾಳಿಯಲ್ಲೇ ಮುಂದಕ್ಕೆ ಹೋಗಬೇಕು. ಗೌಡರ ಅರ್ಜಿಯನ್ನು ಮೇಲಕ್ಕೆಳೆದು ಉಳಿದವರದನ್ನು ಕೆಳಗಿಡಲು ಸಿಸ್ಟಮ್ಮು ಬಿಡುವುದಿಲ್ಲ. ಇಲ್ಲಿ ಕೀಲಿ ಹಾಕಿದ್ದು ಅಧಿಕಾರದ ಕೈಗೆ. ಜನರ ಸ್ವಾತಂತ್ರ್ಯವನ್ನು ಹೆಚ್ಚಿಸಿದ ಭದ್ರತೆಗೆ ಕನ್ನಡ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಲೇಖಕನಿಗೆ ಗೊತ್ತಿಲ್ಲ.

ಅದಕ್ಕೊಂದು ಬೆಲೆಯೂ ಇತ್ತು. ತಲಾಟಿ ಊರಲ್ಲೇ ತಪ್ಪು ತಿದ್ದಿಕೊಡುತ್ತಿದ್ದ ಕಾಲ ಹೋಗಿ, ಕಂಪ್ಯೂಟರಿಗೆ ಏರಿಸುವಾಗ ಬಿದ್ದ ಒಂದಕ್ಷರದ ತಪ್ಪಿಗೂ ಅರ್ಜಿ, ವರದಿ, ಮೇಲಧಿಕಾರಿಯ ಆದೇಶ ಬೇಕಾದವು. ‘ಬಸಪ್ಪ’ ಎಂಬುದು ‘ಬಸವ್ವ’ ಆದರೆ ಬಸಪ್ಪ ತಾನು ಗಂಡಸೆಂದು ಕಾಗದದಲ್ಲಿ ಸಿದ್ಧ ಮಾಡಿ ತೋರಿಸಬೇಕು. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ಅಧ್ಯಯನದಲ್ಲಿ ಇನ್ನೂ ಗಟ್ಟಿಯಾದ ಆಕ್ಷೇಪ ಎತ್ತಿದರು: ಊರ ಮಟ್ಟದಲ್ಲಿ ಚದುರಿದ್ದ ಭೂಮಾಹಿತಿ ಒಂದೆಡೆ ಸೇರಿದ್ದರಿಂದ ಹೆಚ್ಚು ಲಾಭವಾದದ್ದು ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕುತ್ತಿದ್ದವರಿಗೆ. ಒಳ್ಳೆಯ ಕೀಲಿ ಒಳ್ಳೆಯ ಗಿರಾಕಿಯನ್ನೇ ಕರೆತರುತ್ತದೆಂಬ ಖಾತ್ರಿ ಇಲ್ಲ.

ಕೃಷ್ಣೆಯ ದಂಡೆಯಲ್ಲಿ ಉತಾರದ ಒಂದು ಶಬ್ದಕ್ಕೂ ಲಕ್ಷಗಟ್ಟಲೆ ತೂಕವಿದೆ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ 3ನೇ ಹಂತಕ್ಕೆ 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಉತಾರದ ಕಾಲಮ್ಮಿನಲ್ಲಿ ‘ಖುಷ್ಕಿ’ ಎಂದಿದೆಯೋ ‘ಬಾಗಾಯತು’ ಎಂದಿದೆಯೋ ಎಂಬ ಒಂದು ಶಬ್ದದಲ್ಲಿ ಎಕರೆಗೆ 10 ಲಕ್ಷದ ಅಂತರ. ಆ ಶಬ್ದವನ್ನು ಕಳ್ಳನೊಬ್ಬ ತಿದ್ದಬಾರದು. ತಪ್ಪಿದ್ದರೆ ಒಡೆಯ ತಿದ್ದಿಸಿಕೊಳ್ಳಲು ಆಗಬೇಕು. ಭದ್ರತಾ ಶಾಸ್ತ್ರದ ಪುಸ್ತಕಗಳು ಗೌಪ್ಯತೆ, ಅಖಂಡತೆ, ಲಭ್ಯತೆ ಎಂದು ಮೂರು ಗುರಿ ಹೇಳುತ್ತವೆ. ಕಚೇರಿಗಳು ಮೊದಲ ಎರಡಕ್ಕೆ ಕೊಡುವ ಗಮನವನ್ನು ಮೂರನೆಯದಕ್ಕೆ ಕೊಡುವುದಿಲ್ಲ. “ಸರ್ವರ್ ಇಲ್ರಿ, ನಾಳಿಗೆ ಬರ್ರಿ” ಎಂಬುದೂ ಒಂದು ಭದ್ರತಾ ವೈಫಲ್ಯ. ಅದನ್ನು ಯಾರೂ ಹಾಗೆ ಕರೆಯುವುದಿಲ್ಲ, ಅಷ್ಟೇ.

ಹೆಬ್ಬೆಟ್ಟು

‘ಭೂಮಿ’ ಯೋಜನೆಯಲ್ಲಿ ಬೆರಳು ಒತ್ತಬೇಕಾದವನು ಸರ್ಕಾರಿ ನೌಕರ. ಹತ್ತು ವರ್ಷ ಕಳೆಯುವಷ್ಟರಲ್ಲಿ ಒತ್ತುವ ಸರದಿ ಜನರದಾಯಿತು.

ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರ ಸ್ಥಾಪನೆಯಾದದ್ದು 2009ರಲ್ಲಿ. ಮೊದಲ ಅಧ್ಯಕ್ಷರು ಬೆಂಗಳೂರಿನ ನಂದನ್ ನಿಲೇಕಣಿ. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ತೆಂಭ್ಲಿಯಲ್ಲಿ ಬೆರಳಚ್ಚಿಗೆ ಜೋಡಿಸಿದ 12 ಅಂಕಿಯ ಮೊದಲ ಆಧಾರ್ ಸಂಖ್ಯೆ ಕೊಟ್ಟರು. ಅದರ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರೂ ಕನ್ನಡ ನೆಲದವರೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದಾಗ ಅವರ ವಯಸ್ಸು 86ರ ಆಸುಪಾಸು. ಅವರ ಹೆಸರಿನ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠ ಆಧಾರ್ ಕಾಯ್ದೆಯನ್ನು ಬಹುಮತದಿಂದ ಎತ್ತಿಹಿಡಿಯಿತು. ಖಾಸಗಿ ಕಂಪನಿಗಳು ಆಧಾರ್ ಕೇಳಲು ಅವಕಾಶವಿದ್ದ 57ನೇ ಕಲಮಿನ ಭಾಗವನ್ನು ಹೊಡೆದುಹಾಕಿತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಒಬ್ಬರೇ ಇಡೀ ಕಾಯ್ದೆ ಅಸಾಂವಿಧಾನಿಕವೆಂದು ಭಿನ್ನಮತ ಬರೆದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ತೀರ್ಪು ದಿಲ್ಲಿಯದು. ನ್ಯಾಯಬೆಲೆ ಅಂಗಡಿಯಲ್ಲಿ ನಡೆಯುವುದು ಇದು: ಸಣ್ಣ ಕರಿ ಡಬ್ಬಿಯ ಮೇಲೆ ಗಾಜಿನ ಚೂರು, ಅದರಡಿ ಕೆಂಪು ಬೆಳಕು. ನಲವತ್ತು ವರ್ಷ ಮಗ್ಗದ ಎಳೆ ತಿಕ್ಕಿ ತಿಕ್ಕಿ ಗೆರೆ ಸವೆದ ಬೆರಳು ಅದರ ಮೇಲೆ ಕೂರುತ್ತದೆ. ಯಂತ್ರ ಕೀಚ್ ಅನ್ನುತ್ತದೆ. “ಯವ್ವಾ, ಬಟ್ಟ ಒರಸಿ ಇನ್ನೊಮ್ಮಿ ಇಡ್ರಿ.” ಮುದುಕಿ ಸೆರಗಿಗೆ ಬೆರಳು ತಿಕ್ಕುತ್ತಾಳೆ, ತಲೆಗೂದಲಿಗೆ ಸವರಿ ತುಸು ಎಣ್ಣೆ ಹಚ್ಚಿಕೊಳ್ಳುತ್ತಾಳೆ, ಎಡಗೈ ಬೆರಳು ಕೊಡುತ್ತಾಳೆ. ಕಬ್ಬು ಕಡಿಯುವವರದೂ ಇದೇ ಪಾಡು. ಅಂಗಡಿಯವನಿಗೆ ಅವಳು ಯಾರ ಮಗಳು, ಯಾರ ಸೊಸೆ ಎಂಬುದೆಲ್ಲ ಗೊತ್ತು. ಆದರೆ ಅವನ ಗುರುತಿಗೆ ಈಗ ಬೆಲೆಯಿಲ್ಲ, ಗಾಜಿನ ಗುರುತಿಗೆ ಬೆಲೆ. ಸತ್ತವರ ಹೆಸರಲ್ಲಿ ಅಕ್ಕಿ ಎತ್ತುವ ಕಳ್ಳತನ ಈ ಯಂತ್ರದಿಂದ ಕಷ್ಟವಾಯಿತೆಂಬುದು ನಿಜ. ಬದುಕಿರುವವಳು ಬದುಕಿದ್ದೇನೆಂದು ತೋರಿಸಲು ಮೂರು ಸಲ ಬೆರಳು ಒರೆಸುವುದೂ ನಿಜ. ಕಣ್ಣಿನ ಪಾಪೆ, ಒಟಿಪಿ ಎಂಬ ಪರ್ಯಾಯಗಳಿವೆ. ಒಟಿಪಿ ಬರುವ ಮೊಬೈಲು ಪುಣೆಗೆ ದುಡಿಯಲು ಹೋದ ಮಗನ ಕಿಸೆಯಲ್ಲಿದ್ದರೆ ಅದೂ ಬಂದ್.

ಬೆರಳಚ್ಚಿನ ಇನ್ನೊಂದು ದೋಷ ತಾತ್ವಿಕವಾದದ್ದು. ಪಾಸ್‌ವರ್ಡು ಸೋರಿದರೆ ಹೊಸದು ಇಟ್ಟುಕೊಳ್ಳಬಹುದು, ಬೆರಳು ಸೋರಿದರೆ ಇಟ್ಟುಕೊಳ್ಳಲು ಇನ್ನೊಂಬತ್ತೇ ಉಳಿದಿರುತ್ತವೆ. 2023ರಲ್ಲಿ ಕರ್ನಾಟಕದಲ್ಲಿ ಇದು ಕಣ್ಣೆದುರಿಗೆ ಬಂತು. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು, ಈ ಮೂರಿದ್ದರೆ ಊರಿನ ಅಂಗಡಿಯಲ್ಲೇ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆ ಬ್ಯಾಂಕಿಲ್ಲದ ಹಳ್ಳಿಗೆ ವರವಾಗಿತ್ತು. ವಂಚಕರು ಖರೀದಿ ಪತ್ರಗಳ ಮೇಲೆ ಒತ್ತಿದ ಹೆಬ್ಬೆಟ್ಟನ್ನು ನೋಂದಣಿ ಇಲಾಖೆಯ ‘ಕಾವೇರಿ’ ತಾಣದಲ್ಲಿ ಸಿಗುವ ಪ್ರತಿಗಳಿಂದ ಎತ್ತಿ, ಅಚ್ಚು ಮಾಡಿ, ಸಿಲಿಕೋನಿನ ಬೆರಳಿನಿಂದ ಖಾತೆ ಬರಿದು ಮಾಡಿದರು. ಜಮೀನು ಕೊಂಡವರಿಗೆ ಒಟಿಪಿಯೂ ಬರಲಿಲ್ಲ, ಸುಳಿವೂ ಸಿಗಲಿಲ್ಲ. ನೋಂದಾಯಿತ ಪತ್ರ ಎಲ್ಲರಿಗೂ ನೋಡಲು ಸಿಗಬೇಕೆಂಬುದು ಮೋಸದ ಮಾರಾಟ ತಡೆಯಲು ಮಾಡಿದ ಹಳೆಯ ಒಳ್ಳೆಯ ನಿಯಮ. ಅದೇ ತೆರೆದ ಬಾಗಿಲು ಕಳ್ಳನಿಗೆ ದಾರಿಯಾಯಿತು. ಆಮೇಲೆ ಇಲಾಖೆ ಪ್ರತಿಗಳಲ್ಲಿ ಬೆರಳಚ್ಚು, ಆಧಾರ್ ಸಂಖ್ಯೆ ಮರೆಮಾಡಲು ತೊಡಗಿತು. ಆಧಾರ್ ಪ್ರಾಧಿಕಾರ ಆ ವರ್ಷದ ಫೆಬ್ರವರಿಯಲ್ಲೇ ಬೆರಳು ಜೀವಂತವೋ ಅಲ್ಲವೋ ಎಂದು ತಪಾಸಿಸುವ ಹೊಸ ವಿಧಾನ ಜಾರಿಗೆ ತಂದಿತ್ತು. ತಪಾಸಣೆ ಬಿಗಿಯಾದಷ್ಟೂ ಸವೆದ ಬೆರಳಿನವರ ಪಾಡು ಇನ್ನಷ್ಟು ಬಿಗಿಯಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕೀಲಿಯ ಶಾಸ್ತ್ರ

ಕೀಲಿಯ ವಿನ್ಯಾಸವನ್ನು ಗುಟ್ಟಾಗಿಟ್ಟರೆ ಭದ್ರತೆ ಹೆಚ್ಚೆಂದು ಸಾಮಾನ್ಯ ನಂಬಿಕೆ. ಗೂಢಲಿಪಿ ತಜ್ಞ ಆಗಸ್ಟ್ ಕೆರ್ಕಾಫ್ಸ್ 1883ರಲ್ಲೇ ಇದನ್ನು ತಳ್ಳಿಹಾಕಿದ್ದ. ಒಳ್ಳೆಯ ಗೂಢಲಿಪಿಯ ಯಂತ್ರ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಗುಟ್ಟಾಗಿರಬೇಕಾದದ್ದು ಕೀಲಿಕೈ ಮಾತ್ರ ಎಂಬುದು ಅವನ ಸೂತ್ರ. ಇವತ್ತಿನ ಬ್ಯಾಂಕು ವಹಿವಾಟು, ವಾಟ್ಸಾಪು ಎಲ್ಲವೂ ನಿಂತಿರುವುದು ಇದರ ಮೇಲೆ. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಮುಂದಿಟ್ಟ ಸಾರ್ವಜನಿಕ ಕೀಲಿಯ ವಿಧಾನ, ಮರುವರ್ಷದ ಆರ್‌ಎಸ್‌ಎ, ಎರಡರ ಗಣಿತವೂ ಬಯಲಲ್ಲೇ ಇದೆ.

ಕೀಲಿ ಸಾಮಾನ್ಯರ ಕೈಗೆ ಬಂದಾಗ ಸರ್ಕಾರಗಳು ಬೆಚ್ಚಿದವು. ಅಮೆರಿಕದ ಫಿಲ್ ಜಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಎಂಬ ತಂತ್ರಾಂಶವನ್ನು ಪುಕ್ಕಟೆ ಹಂಚಿದ್ದಕ್ಕೆ ಶಸ್ತ್ರಾಸ್ತ್ರ ರಫ್ತಿನ ಕಾನೂನಿನಡಿ ತನಿಖೆ ಎದುರಿಸಬೇಕಾಯಿತು. 1996ರಲ್ಲಿ ಅದನ್ನು ಕೈಬಿಟ್ಟರು. 1993ರ ‘ಕ್ಲಿಪ್ಪರ್’ ಚಿಪ್ಪು ಎಲ್ಲರ ಫೋನಿಗೂ ಕೀಲಿ ಹಾಕಿ ಒಂದು ಕೈ ಸರ್ಕಾರದ ಹತ್ತಿರ ಇಡುವ ಯೋಜನೆ. ಮರುವರ್ಷವೇ ಸಂಶೋಧಕ ಮ್ಯಾಟ್ ಬ್ಲೇಜ್ ಅದರ ದೋಷ ಹುಡುಕಿ ತೋರಿಸಿದ, ಚಿಪ್ಪು ಮೂಲೆ ಸೇರಿತು.

ಇದಕ್ಕೆ ಉಲ್ಟಾ ದಿಕ್ಕಿನ ಕೀಲಿಗಳು ಬಂದದ್ದು ಕಂಪನಿಗಳಿಂದ. 2005ರಲ್ಲಿ ಸೋನಿ ಬಿಎಂಜಿಯ ಹಾಡಿನ ಸಿಡಿಗಳು ನಕಲು ತಡೆಯುವ ನೆಪದಲ್ಲಿ ಕೇಳುಗರ ಕಂಪ್ಯೂಟರಿನಲ್ಲಿ ಅಡಗು ತಂತ್ರಾಂಶ ಕೂರಿಸುತ್ತಿದ್ದವು. ವೈರಸ್ಸುಗಳು ಅದೇ ಮರೆಯಲ್ಲಿ ಅಡಗತೊಡಗಿದವು. 2009ರ ಜುಲೈನಲ್ಲಿ ಅಮೆಜಾನ್ ಓದುಗರು ದುಡ್ಡು ಕೊಟ್ಟು ಕೊಂಡಿದ್ದ ಪುಸ್ತಕಗಳನ್ನು ಅವರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿತು. ಅಳಿಸಿದವುಗಳಲ್ಲಿ ಒಂದು, ಸರ್ಕಾರವೇ ದಾಖಲೆ ಅಳಿಸುವ ಕಥೆಯಿರುವ ಜಾರ್ಜ್ ಆರ್ವೆಲ್‌ರ ‘1984’. ಕಥೆ ಕಟ್ಟುವವರಿಗೂ ಇಷ್ಟು ಧೈರ್ಯ ಬರುವುದಿಲ್ಲ.

‘ವಿಶ್ವಾಸಾರ್ಹ ಗಣನೆ’ ಎಂಬ ಹೆಸರಿನಲ್ಲಿ ದೊಡ್ಡ ಕಂಪನಿಗಳು 1999ರಿಂದ ಕೂಡಿ ರೂಪಿಸಿದ ತಂತ್ರದ ತಿರುಳು ಟಿಪಿಎಂ ಎಂಬ ಸಣ್ಣ ಚಿಪ್ಪು. ಕಂಪ್ಯೂಟರು ಶುರುವಾಗುವಾಗ ಯಾವ ತಂತ್ರಾಂಶ ಏರುತ್ತಿದೆ ಎಂದು ಅಳೆದು ದಾಖಲಿಸಿಕೊಳ್ಳುತ್ತದೆ, ಕೀಲಿಕೈಗಳನ್ನು ತನ್ನೊಳಗೆ ಬಚ್ಚಿಡುತ್ತದೆ. ಕಳುವಾದ ಲ್ಯಾಪ್‌ಟಾಪಿನ ಮಾಹಿತಿ ಕಳ್ಳನಿಗೆ ಸಿಗದಿರುವುದು ಇದರ ಪುಣ್ಯ. ಆದರೆ ಅದೇ ಚಿಪ್ಪು “ಈ ಯಂತ್ರದಲ್ಲಿ ನಾವು ಒಪ್ಪಿದ ತಂತ್ರಾಂಶವಷ್ಟೇ ಇದೆ” ಎಂದು ಹೊರಗಿನವರಿಗೆ ಸಾಕ್ಷಿಯನ್ನೂ ಹೇಳಬಲ್ಲದು. ವಿಶ್ವಾಸ ಯಾರಿಗೆ ಯಾರ ಮೇಲೆ ಎಂದು ಕೇಂಬ್ರಿಜಿನ ರಾಸ್ ಆಂಡರ್ಸನ್ ಅಂದೇ ಕೇಳಿದ್ದರು. ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಇದನ್ನು ವಿಶ್ವಾಸದ್ರೋಹಿ ಗಣನೆ ಎಂದು ಕರೆದರು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಟಿಪಿಎಂ 2.0 ಕಡ್ಡಾಯ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಜಮಖಂಡಿಯ ಝೆರಾಕ್ಸ್ ಅಂಗಡಿಯ ಹಳೆಯ ಕಂಪ್ಯೂಟರಿಗೆ ಯಾವ ರೋಗವೂ ಇರಲಿಕ್ಕಿಲ್ಲ. ಭದ್ರತೆಯ ಹೆಸರಿನಲ್ಲಿ ಅದು ಮುದಿಯಾಯಿತು.

ಕಬ್ಬಿನ ಕಾಟಾ ಈ ಸೀಮೆಯವರಿಗೆ ಗೊತ್ತಿರುವ ‘ವಿಶ್ವಾಸಾರ್ಹ ಯಂತ್ರ’. ಸಕ್ಕರೆ ಕಾರ್ಖಾನೆಗಳ ತೂಕದಲ್ಲಿ ಮೋಸವೆಂಬುದು ರೈತರ ಹಳೆಯ ದೂರು. ಡಿಜಿಟಲ್ ಕಾಟಾಕ್ಕೆ ಕಾನೂನು ಮಾಪನ ಇಲಾಖೆ ಮೊಹರು ಹಾಕುತ್ತದೆ. ಮಾಲೀಕ ಅದನ್ನು ತೆರೆಯುವಂತಿಲ್ಲ, ರೈತನೂ ತೆರೆಯುವಂತಿಲ್ಲ. ಒಳಗಿನ ತಂತ್ರಾಂಶ ಏನು ಮಾಡುತ್ತದೆಂದು ಇಬ್ಬರಿಗೂ ಕಾಣುವುದಿಲ್ಲ. ಆದರೂ ರೈತನ ಬಳಿ ಒಂದು ಉಪಾಯವಿದೆ: ಟ್ರ್ಯಾಕ್ಟರನ್ನು ಮೊದಲು ಹೊರಗಿನ ಕಾಟಾದಲ್ಲಿ ತೂಗಿಸಿ ಚೀಟಿ ಹಿಡಿದುಕೊಂಡು ಬರುವುದು. ಮುಚ್ಚಿದ ಯಂತ್ರವನ್ನು ನಂಬುವುದಕ್ಕೆ ಇನ್ನೊಂದು ಸ್ವತಂತ್ರ ಯಂತ್ರ ಬೇಕು ಎಂಬ ಈ ಹಳ್ಳಿಯ ಬುದ್ಧಿಯೇ ಮತಯಂತ್ರದ ಪಕ್ಕಕ್ಕೆ ಕಾಗದದ ಚೀಟಿ ತೋರಿಸುವ ವಿವಿಪ್ಯಾಟನ್ನು ತಂದು ನಿಲ್ಲಿಸಿದ್ದು. ಚೀಟಿಯನ್ನು ಕಾರ್ಖಾನೆ ಒಪ್ಪುತ್ತದೋ ಇಲ್ಲವೋ ಎಂಬುದು ಬೇರೆ ಕಥೆ.

ಕನ್ನಡ ಓದಲು ಕೀಲಿ ಮುರಿದವರು

ಫೋನಿನ ತಳದ ತಂತ್ರಾಂಶದ ಮೇಲೆ ತಯಾರಕರು ಹಾಕಿದ ಕೀಲಿಯನ್ನು ಮುರಿದು ಪೂರ್ಣ ಅಧಿಕಾರ ಪಡೆಯುವುದಕ್ಕೆ ಆಂಡ್ರಾಯ್ಡ್ ಲೋಕದಲ್ಲಿ ರೂಟ್ ಮಾಡುವುದು ಎನ್ನುತ್ತಾರೆ. ಪುಂಡರ ಕೆಲಸವೆಂದು ಅದಕ್ಕೆ ಹೆಸರು. ಕನ್ನಡಿಗರು ಅದನ್ನು ಮಾಡಿದ್ದು ಓದುವುದಕ್ಕೆ.

2012ರಲ್ಲಿ ಆಂಡ್ರಾಯ್ಡ್ 4.1 ಬರುವ ತನಕ ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಮೂಡುತ್ತಿರಲಿಲ್ಲ. ಅಕ್ಷರದ ಜಾಗದಲ್ಲಿ ಸಾಲು ಸಾಲು ಖಾಲಿ ಚೌಕ. ಕನ್ನಡದ ಫಾಂಟನ್ನು ತಂದು ಹಾಕೋಣವೆಂದರೆ ಫಾಂಟು ಇರುವ ಜಾಗಕ್ಕೆ ಬಳಕೆದಾರನಿಗೆ ಪ್ರವೇಶವಿಲ್ಲ, ಭದ್ರತೆ. ಹಾಗಾಗಿ ತಿಳಿದವರು ವಾರಂಟಿ ಹೋದರೆ ಹೋಗಲಿ ಎಂದು ಫೋನು ರೂಟ್ ಮಾಡಿ ಫಾಂಟು ಇಳಿಸಿಕೊಂಡರು. ತಿಳಿಯದವರಿಗೆ ಇನ್ನೊಂದು ಸಂದಿ ಸಿಕ್ಕಿತು. ಒಪೆರಾ ಮಿನಿ ಬ್ರೌಸರಿನ ಒಳ ಸೆಟ್ಟಿಂಗಿನಲ್ಲಿ ಒಂದು ಆಯ್ಕೆ ಬದಲಿಸಿದರೆ ಕನ್ನಡ ಪಠ್ಯ ಚಿತ್ರವಾಗಿ ಬರುತ್ತಿತ್ತು. ಬರುತ್ತಿದ್ದದ್ದು ಆ ಕಂಪನಿಯ ಸರ್ವರು ಪುಟವನ್ನು ತಾನು ಓದಿ, ಬಿಡಿಸಿ, ಕಳಿಸುತ್ತಿದ್ದುದರಿಂದ. ತನ್ನ ಭಾಷೆ ಓದಬೇಕೆನ್ನುವವನು ಒಂದೋ ಫೋನಿನ ಭದ್ರತೆ ಬಿಡಬೇಕು, ಇಲ್ಲವೋ ಓದಿನ ಗುಟ್ಟು ಬಿಡಬೇಕು. ಇಂಗ್ಲಿಷ್ ಓದುವವನಿಗೆ ಈ ಇಕ್ಕಟ್ಟು ಬರಲೇ ಇಲ್ಲ. ಯಂತ್ರ ಮಾಡಿದವರು ಯಾರನ್ನು ಬಳಕೆದಾರ ಎಂದು ಕಲ್ಪಿಸಿಕೊಂಡಿದ್ದರೋ ಅವನಿಗೆ ಕೀಲಿ ಹಿತವಾಗಿರುತ್ತದೆ, ಉಳಿದವರಿಗೆ ಅದು ಗೋಡೆ.

ಈಗ ಕನ್ನಡ ಎಲ್ಲ ಫೋನಿನಲ್ಲೂ ಇದೆ. ಕೀಲಿ ಮಾತ್ರ ಬಿಗಿಯಾಗಿದೆ. ರೂಟ್ ಮಾಡಿದ ಫೋನಿನಲ್ಲಿ ಬಹಳಷ್ಟು ಬ್ಯಾಂಕಿನ ಆ್ಯಪುಗಳು ತೆರೆಯುವುದೇ ಇಲ್ಲ. ಪ್ಲೇ ಸ್ಟೋರಿನ ಹೊರಗಿನಿಂದ ತಂದು ಹಾಕುವ ಆ್ಯಪುಗಳನ್ನು ಮಾಡಿದವರೂ ತಮ್ಮ ಗುರುತು ಕೊಟ್ಟು ನೋಂದಾಯಿಸಬೇಕೆಂದು ಗೂಗಲ್ 2025ರ ಆಗಸ್ಟಿನಲ್ಲಿ ಸಾರಿತು. ಇದನ್ನು ಬರೀ ದಬ್ಬಾಳಿಕೆ ಎಂದು ತಳ್ಳಿಹಾಕುವಂತಿಲ್ಲ. ‘ಮದುವೆ ಆಮಂತ್ರಣ’ ಎಂದು ವಾಟ್ಸಾಪಿಗೆ ಬಂದ ಎಪಿಕೆ (ಆ್ಯಪ್) ಕಡತವನ್ನು ಒತ್ತಿ ಖಾತೆ ಕಳೆದುಕೊಂಡವರು ಊರೂರಲ್ಲಿ ಇದ್ದಾರೆ. ಯಾರ ಮದುವೆ ಎಂದು ನೋಡುವುದು ನಮ್ಮ ಕಡೆಯ ಸೌಜನ್ಯ, ಕಳ್ಳ ಅದನ್ನೇ ಹಿಡಿದ. ಅಂಥವರಿಗೆ ಪೂರ್ತಿ ತೆರೆದ ಯಂತ್ರ ಕೊಡುವುದು ಸಂತೆಯಲ್ಲಿ ಮನೆ ಬಾಗಿಲು ತೆಗೆದಿಟ್ಟಂತೆ. ಈ ಲೇಖಕನ ಅಭಿಪ್ರಾಯದಲ್ಲಿ ಕೀಲಿ ಹಾಕಿದ ಯಂತ್ರವನ್ನೇ ಮಾರಲಿ. ಆದರೆ ಒಡೆಯ ನಿಧಾನವಾಗಿ, ಎಚ್ಚರಿಕೆಗಳನ್ನು ಓದಿ, ಬೇಕೆಂದೇ ತೆರೆಯಬಹುದಾದ ಒಂದು ಬಾಗಿಲು ಅದರಲ್ಲಿ ಇರಲೇಬೇಕು. ಬಾಗಿಲೇ ಇಲ್ಲದಿದ್ದರೆ ಅದು ಮಾರಾಟವಲ್ಲ, ಬಾಡಿಗೆ.

ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಬೇರೆ ಚಿತ್ರ ಕಾಣುತ್ತದೆ. ಕೇರಳದ ‘ಐಟಿ ಅಟ್ ಸ್ಕೂಲ್’ ಯೋಜನೆ 2001ರಲ್ಲಿ ಶುರುವಾಗಿ ಮುಂದೆ ಪೂರ್ತಿ ಮುಕ್ತ ತಂತ್ರಾಂಶಕ್ಕೆ ಹೊರಳಿತು. ಈಗ ‘ಕೈಟ್’ ಸಂಸ್ಥೆ ತಾನೇ ಜೋಡಿಸಿದ ಗ್ನು/ಲಿನಕ್ಸನ್ನು ಶಾಲೆಗಳಿಗೆ ಕೊಡುತ್ತದೆ. ಅಲ್ಲಿಯ ಕನ್ನಡದ ಮಗು ಕನ್ನಡ ಪಠ್ಯಪುಸ್ತಕ ಹಿಡಿದು, ಯಾರ ಪರವಾನಗಿಯೂ ಬೇಡದ ಯಂತ್ರದಲ್ಲಿ ಕಂಪ್ಯೂಟರು ಕಲಿಯುತ್ತದೆ. ಕನ್ನಡ ನಾಡೇ ಕಾಸರಗೋಡಿನ ಕನ್ನಡದ ಮಕ್ಕಳಿಂದ ಕಲಿಯಬೇಕಾದ ಪಾಠಗಳಲ್ಲಿ ಇದೂ ಒಂದು.

ಸರ್ಕಾರದ ಕಣ್ಣು

ಸೈಬರ್ ಅಪರಾಧ ಹೆಚ್ಚಿದಂತೆ ಸರ್ಕಾರವೂ ಕೀಲಿಕೈ ಕೇಳುತ್ತದೆ. ಸಂದೇಶವೊಂದನ್ನು ಮೊದಲು ಕಳಿಸಿದವರಾರೆಂದು ಪತ್ತೆ ಮಾಡಿಕೊಡಬೇಕೆಂಬ 2021ರ ನಿಯಮವನ್ನು ವಾಟ್ಸಾಪ್ ದಿಲ್ಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಜಾಲದಲ್ಲಿ ಗುರುತು ಮರೆಸುವ ವಿಪಿಎನ್ ಸೇವೆ ಕೊಡುವವರು ಗಿರಾಕಿಗಳ ಮಾಹಿತಿಯನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಸೂಚಿಸಿದಾಗ ಹಲವು ಕಂಪನಿಗಳು ಸರ್ವರುಗಳನ್ನೇ ದೇಶದಿಂದ ಎತ್ತಿಕೊಂಡು ಹೋದವು.

2025ರ ನವೆಂಬರ್ 28ರ ಪ್ರಕರಣ ಇನ್ನೂ ಬೋಧಪ್ರದ. ‘ಸಂಚಾರ ಸಾಥಿ’ ಕಳೆದ ಮೊಬೈಲು ಹುಡುಕಲು, ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆ ಎಂದು ನೋಡಲು ನೆರವಾಗುವ ಒಳ್ಳೆಯ ಸೇವೆ. ಅದರ ಆ್ಯಪನ್ನು ಇನ್ನು ಮುಂದೆ ಪ್ರತಿ ಹೊಸ ಫೋನಿನಲ್ಲೂ ಕಾರ್ಖಾನೆಯಲ್ಲೇ ಕೂರಿಸಬೇಕೆಂದು ದೂರಸಂಪರ್ಕ ಇಲಾಖೆ ತಯಾರಕರಿಗೆ ಆದೇಶ ಕೊಟ್ಟಿತು. ಗದ್ದಲವೆದ್ದು, ಡಿಸೆಂಬರ್ 3ಕ್ಕೆ ಕಡ್ಡಾಯವನ್ನು ಹಿಂದಕ್ಕೆ ಪಡೆಯಿತು. ಕದ ಕಾಯುವವನನ್ನು ನಾವೇ ಕರೆದರೆ ಕಾವಲುಗಾರ. ಹೇಳದೆ ಕೇಳದೆ ಮನೆಯೊಳಗೆ ಬಂದು ಕೂತರೆ ಅವನಿಗೆ ಬೇರೆ ಹೆಸರಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟಿನಲ್ಲಿ, ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ. ಕಂಪನಿಗಳನ್ನು ಕಟ್ಟಿಹಾಕಿದಷ್ಟು ಬಿಗಿಯಾಗಿ ಅದು ಸರ್ಕಾರವನ್ನು ಕಟ್ಟುವುದಿಲ್ಲ.

ಬಳಕೆದಾರರ ಕೈಯಲ್ಲಿರುವ ಕೀಲಿ

ಇಷ್ಟೆಲ್ಲದರ ನಡುವೆ ಒಂದು ಕೀಲಿಕೈ ನಿಜವಾಗಿಯೂ ಜನರ ಕೈಯಲ್ಲೇ ಇದೆ, ಬಳಸುವವರು ಕಡಿಮೆ. ಆಧಾರಿಗೆ ಮೊಬೈಲು ಸಂಖ್ಯೆ ಜೋಡಿಸಿದವರು ಆಧಾರ್ ಆ್ಯಪಿನಲ್ಲಿ ಅಥವಾ ಪ್ರಾಧಿಕಾರದ ತಾಣದಲ್ಲಿ ತಮ್ಮ ಬೆರಳಚ್ಚಿಗೆ ಕೀಲಿ ಹಾಕಬಹುದು. ಹಾಕಿದ ಮೇಲೆ ಸಿಲಿಕೋನಿನ ಬೆರಳು ತಂದರೂ ಎಇಪಿಎಸ್‌ನಲ್ಲಿ ಹಣ ಹೊರಡುವುದಿಲ್ಲ. ಆಧಾರ್ ಪ್ರತಿ ಕೇಳಿದಲ್ಲಿ ಕೊನೆಯ ನಾಲ್ಕೇ ಅಂಕಿ ಕಾಣುವ ಮುಸುಕಿನ ಪ್ರತಿ ಕೊಡಬಹುದು, ಸಂಖ್ಯೆಯ ಬದಲು 16 ಅಂಕಿಯ ತಾತ್ಕಾಲಿಕ ಗುರುತು ಬಳಸಬಹುದು. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಫೋನು ಮಾಡಬೇಕು. ತಡವಾದಷ್ಟೂ ಸಿಗುವುದು ಕಡಿಮೆ. ಬೆರಳಿಗೆ ಕೀಲಿ ಹಾಕಿಕೊಂಡವರು ಇನ್ನೊಂದು ಮಾತು ನೆನಪಿಡಬೇಕು: ರೇಷನ್ ಅಂಗಡಿಯ ಗಾಜೂ ಆ ಬೆರಳನ್ನು ಒಪ್ಪುವುದಿಲ್ಲ. ಚೀಲ ಹಿಡಿದು ಹೊರಡುವ ಮೊದಲು ತಾತ್ಕಾಲಿಕವಾಗಿ ಕೀಲಿ ತೆಗೆದುಕೊಂಡು ಹೋಗಿ.